ಪ್ಲಮ್ ಮರದ ಹಿಡಿ

ಶೋನ್‌ಹೈಡೆ,
14 ನವೆಂಬರ್ 1992

ಪ್ರೀತಿಯ ಆಲ್ವೀನ್,

ನಿನ್ನ ಕಾಗದ ಮಂಗಳವಾರ ತಲುಪಿತು. ಹನ್ನೊಂದು ತಿಂಗಳಿಗೆ ಒಂದು ಕಾಗದ, ಅದರಲ್ಲಿ ಐದು ಸಾಲು, ಐದೂ ಕ್ಷೌರದ ಬ್ರಷ್ಷಿನ ಬಗ್ಗೆ! ದಿನಾ ಬೆಳಿಗ್ಗೆ ಗಲ್ಲಕ್ಕೆ ಎರಡು ಮೂರು ಕೂದಲು ಅಂಟಿಕೊಳ್ಳುತ್ತವೆ, ಇದನ್ನು ಎಸೆದು ಸ್ಟುಟ್‌ಗಾರ್ಟಿನಲ್ಲೇ ಹೊಸದು ಕೊಳ್ಳಲೇ, ಕೊಂಡರೆ ಎಂಥದ್ದು ಕೊಳ್ಳಲಿ ಎಂದು ಕೇಳಿದ್ದೀಯ. ನಾನು ಹೇಗಿದ್ದೇನೆ ಎಂದು ಕೇಳಿಲ್ಲ. ಇರಲಿ, ಚೆನ್ನಾಗಿದ್ದೇನೆ.

ಕಾರ್ಖಾನೆಯಲ್ಲಿ ಪಕ್ಕದ ಮೇಜಿನ ಗುಡ್ರುನ್‌ಗೆ ಕಾಗದ ತೋರಿಸಿದೆ. ತೋರಿಸಬಾರದಿತ್ತು. “ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಡ್ತಿಗೆ ಬರ್ಯೋ ಕಾಗ್ದಾನೇನೇ ಇದು? ಮಾಲು ಸರಿ ಇಲ್ಲ ಅಂತ ಗಿರಾಕಿ ದೂರು ಕೊಟ್ಟ ಹಾಗಿದೆ!” ಎಂದು ಸಾಲಿನ ಹೆಂಗಸರನ್ನೆಲ್ಲ ನಗಿಸಿದಳು. ನಾನೂ ನಕ್ಕೆ. ಆಮೇಲೆ ಕೈತೊಳೆಯುವ ನೆಪ ಮಾಡಿ ಎದ್ದುಹೋಗಿ ಅತ್ತೆ.

ಕೇಳಿದ್ದೀಯಲ್ಲ, ಹೇಳುತ್ತೇನೆ. ಮೂವತ್ತು ವರ್ಷದಿಂದ ಬ್ರಷ್ಷಿಗೆ ಬ್ಯಾಜರ್ ಪ್ರಾಣಿಯ ಕೂದಲಿನ ಗಂಟು ಕಟ್ಟುತ್ತಿರುವವಳು ನಾನು, ಅದಕ್ಕೆ ಹಿಡಿ ಕಡೆದವನು ನೀನು. ಮರದ ವಿಷಯದಲ್ಲಿ ನಿನ್ನನ್ನು ಮೀರಿಸುವವರಿಲ್ಲ, ಕೂದಲಿನ ವಿಷಯದಲ್ಲಿ ಮಾತ್ರ ನೀನು ಎಳೆಮಗು.

ಅಂಗಡಿಯವನ ಮಾತಿಗೆ ಕಿವಿಗೊಡಬೇಡ. ಬ್ರಷ್ಷನ್ನು ಕೈಗೆ ತೆಗೆದುಕೊಂಡು ತುದಿಯನ್ನು ಕೆನ್ನೆಗೆ ಒತ್ತಿ ನೋಡು. ಚುಚ್ಚಿದರೆ ಯಾರೋ ಕತ್ತರಿ ಆಡಿಸಿ ಸಮ ಮಾಡಿದ್ದಾರೆ ಎಂದರ್ಥ, ಅದನ್ನು ಅಲ್ಲೇ ಇಟ್ಟು ಬಾ. ಬ್ಯಾಜರ್ ಕೂದಲಿಗೆ ತುದಿಯೇ ಜೀವ. ಪುಟ್ಟ ಹಿತ್ತಾಳೆ ಬಟ್ಟಲಿಗೆ ಕೂದಲನ್ನು ತಲೆಕೆಳಗಾಗಿ ಇಳಿಸಿ, ಮೇಜಿಗೆ ಟಕಟಕ ಕುಟ್ಟಿ ಕುಟ್ಟಿ ನಾವು ಅದನ್ನು ಗುಂಡಗೆ ಮಾಡುವುದು ಅದಕ್ಕೇ. ಆಮೇಲೆ ಬಣ್ಣ ನೋಡು. ತುದಿ ಬಿಳಿ, ನಡುವೆ ಕಪ್ಪು ಪಟ್ಟಿ, ಬುಡ ಮತ್ತೆ ತಿಳಿ. ಕಪ್ಪು ಮೆಲ್ಲಗೆ ಬಿಳಿಗೆ ತಿರುಗಬೇಕು. ಗೆರೆ ಎಳೆದಂತೆ ಕಂಡರೆ ಅದು ಬಣ್ಣ ಹಚ್ಚಿದ ಹಂದಿಯ ಕೂದಲು. ದುಬಾರಿ ಎಂದ ಮಾತ್ರಕ್ಕೆ ತೀರ ಮೆತ್ತಗಿನದಕ್ಕೂ ಮರುಳಾಗಬೇಡ, ನಿನ್ನ ಗಡ್ಡ ಒರಟು. ಹೆಬ್ಬೆರಳಿನಿಂದ ಬಗ್ಗಿಸಿ ಬಿಟ್ಟರೆ ಕೂದಲು ತಟ್ಟನೆ ನೆಟ್ಟಗಾಗಬೇಕು. ಮೊದಲ ವಾರ ಸ್ವಲ್ಪ ಪ್ರಾಣಿಯ ವಾಸನೆ ಬರುತ್ತದೆ, ನಾಲ್ಕಾರು ಕೂದಲು ಉದುರುತ್ತವೆ, ಹೆದರಬೇಡ.

ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಪೆನ್ನು ಕೆಳಗಿಟ್ಟೆ. ಒಳ್ಳೆಯ ಬ್ರಷ್ ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ. ಅಂಥದ್ದೊಂದು ಅಲ್ಲಿ ಸಿಕ್ಕಿಬಿಟ್ಟರೆ ನೀನು ನನಗೆ ಕಾಗದ ಬರೆಯಲು ಕಾರಣವೇ ಉಳಿಯುವುದಿಲ್ಲ. ಹಾಗೆಂದು ಸುಳ್ಳು ಹೇಳಿ ನಿನಗೆ ಕಳಪೆ ಮಾಲು ಕೊಡಿಸಲೂ ಮನಸ್ಸು ಒಪ್ಪಲಿಲ್ಲ.

ಇನ್ನು ಜೋಪಾನದ ಮಾತು. ಕುದಿಯುವ ನೀರು ಬೇಡ, ಕೈಗೆ ಹಿತವಾಗುವಷ್ಟು ಬಿಸಿ ಸಾಕು. ನೀನು ಮುಖವನ್ನು ನೆಲ ತಿಕ್ಕುವ ಹಾಗೆ ತಿಕ್ಕುತ್ತೀಯ, ಹಾಗೆ ಮಾಡಿದರೆ ಕೂದಲು ನಡುವಿನಲ್ಲೇ ಮುರಿಯುತ್ತದೆ. ಮೆಲ್ಲಗೆ ಸುತ್ತು ತಿರುಗಿಸು. ಆದಮೇಲೆ ನೊರೆ ಪೂರ್ತಿ ಹೋಗುವಂತೆ ತೊಳೆ, ಹಿಂಡು, ಆದರೆ ಎಳೆಯಬೇಡ. ಒದ್ದೆ ಬ್ರಷ್ಷನ್ನು ಡಬ್ಬಿಯಲ್ಲಿ ಮುಚ್ಚಿಡಬೇಡ, ಒಲೆಯ ಹತ್ತಿರವೂ ಇಡಬೇಡ. ಅಲ್ಲಿನ ನೀರು ಗಡಸು ಎಂದು ಕೇಳಿದ್ದೇನೆ. ಮೂರು ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ವಿನೆಗರ್ ಹಾಕಿ ಅದ್ದಿ ತೆಗೆದರೆ ಸುಣ್ಣ ಬಿಡುತ್ತದೆ.

ಇಲ್ಲಿ ಬಚ್ಚಲುಮನೆ ಸದ್ದಿಲ್ಲದೆ ಬಿದ್ದಿದೆ. ನೀನು ಬೋಗುಣಿಯಲ್ಲಿ ನೊರೆ ಎಬ್ಬಿಸುತ್ತ ಮೂಗಿನಲ್ಲೇ ಏನೋ ಗುನುಗುತ್ತಿದ್ದೆ, ರಾಗವೂ ಇರಲಿಲ್ಲ, ತಾಳವೂ ಇರಲಿಲ್ಲ. “ಸಾಕು ಮಾರಾಯ, ಹಾಲು ಒಡೆದು ಹೋಗುತ್ತೆ!” ಎಂದು ಅಡುಗೆಮನೆಯಿಂದ ನಾನು ಕೂಗುತ್ತಿದ್ದೆ. ಎಡಗಿವಿಯ ಹಿಂದೆ ದಿನಾ ಚೂರು ನೊರೆ ಉಳಿಸಿಕೊಂಡು ಕಾಫಿಗೆ ಬರುತ್ತಿದ್ದೆ, ನಾನು ಅದನ್ನು ಬೆರಳಿನಿಂದ ಒರೆಸುತ್ತಿದ್ದೆ. ಅಲ್ಲಿ ಅದನ್ನು ಯಾರು ಒರೆಸುತ್ತಾರೆ? ಬೇಸರದಿಂದ ಕೇಳುತ್ತಿಲ್ಲ, ನಿಜವಾಗಿಯೂ ತಿಳಿಯಬೇಕೆನಿಸಿದೆ. ನೀನಿಲ್ಲದೆ ನನಗೆ ಬೆಳಗುಗಳೇ ಬೇಡವಾಗಿವೆ, ಆಲ್ವೀನ್.

ಕಳೆದ ಕ್ರಿಸ್ಮಸ್ ಮುನ್ನಾದಿನದ ಸಂಜೆಯ ಆ ಮಾತನ್ನು ನಾನು ಮರೆತಿದ್ದೇನೆ ಎಂದು ತಿಳಿಯಬೇಡ. ಒಂಬತ್ತು ಬಗೆಯ ಊಟ ಬಡಿಸಿದ್ದೆ. ಪ್ಲಾಸ್ಟಿಕ್ ಹಿಡಿ ಬಂದು ನಿಮ್ಮ ಮರ ಕಡೆಯುವ ವಿಭಾಗ ಮುಚ್ಚಿ ಮೂರು ವಾರವಾಗಿತ್ತು. ನಿನ್ನ ಅಕ್ಕ ಎಲ್ಫ್ರೀಡೆ “ಮುಂದೇನಪ್ಪಾ ಮಾಡ್ತೀಯ?” ಎಂದು ನಿನ್ನನ್ನು ಕೇಳಿದಳು. ಉತ್ತರ ಕೊಟ್ಟವಳು ನಾನು. “ಅವ್ನು ಮಾಡೋದೇನಿದೆ? ಈ ಮನೇಲಿ ಒಬ್ರ ಕೈಗಾದ್ರೂ ಬೆಲೆ ಇದೆಯಲ್ಲ, ಅಷ್ಟೇ ಪುಣ್ಯ!” ಮಾತು ಬಾಯಿಂದ ಜಾರಿದಾಗ ಬಟ್ಟಲಲ್ಲಿ ಎರಡನೆಯ ಬಗೆ ಇತ್ತು. ಆ ಊಟ ಮುಗಿಯುವವರೆಗೆ ಯಾರೂ ಮೇಜು ಬಿಟ್ಟು ಏಳಬಾರದು, ಎದ್ದವರು ಮುಂದಿನ ವರ್ಷ ಅದೇ ಮೇಜಿಗೆ ಇರುವುದಿಲ್ಲ ಎನ್ನುತ್ತಾರೆ ನಮ್ಮವರು. ನೀನು ಏಳಲಿಲ್ಲ. ಉಳಿದ ಏಳನ್ನೂ ತಲೆ ತಗ್ಗಿಸಿ ತಿಂದೆ. ನನ್ನ ಮೇಲಿನ ಸಿಟ್ಟಿಗೆ ನೀನು ಎದ್ದು ಹೋಗಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಮಾರನೆಯ ದಿನ, ಸ್ಟುಟ್‌ಗಾರ್ಟಿನ ಪೀಠೋಪಕರಣ ಕಾರ್ಖಾನೆಗೆ ಹೋಗುತ್ತೇನೆ ಎಂದೆ ನೀನು. ಇಪ್ಪತ್ತೆಂಟಕ್ಕೆ ಹೊರಟೆ. ಹಬ್ಬದ ಹನ್ನೆರಡು ದಿನ ಬಟ್ಟೆ ಒಗೆದು ಹರವಬಾರದಲ್ಲ, ಹಾಗಾಗಿ ನಿನ್ನ ಕೊಳೆ ಅಂಗಿಗಳನ್ನೇ ಮಡಚಿ ಪೆಟ್ಟಿಗೆಗೆ ತುಂಬಿದೆ. ಗಂಡನನ್ನು ಕೊಳೆ ಬಟ್ಟೆಯ ಜೊತೆ ಕಳಿಸಿದ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಬಸ್ಸಿನ ಬಳಿ ಕ್ಷಮೆ ಕೇಳಬೇಕೆಂದು ಬಂದವಳು ನೀನು ಈಗ ಎಸೆಯಲೇ ಎಂದು ಕೇಳಿದ ಈ ಬ್ರಷ್ಷನ್ನು ನಿನ್ನ ಕೋಟಿನ ಜೇಬಿಗೆ ತುರುಕಿ ತಿರುಗಿ ನಡೆದೆ. ಕೆಲಸದ ಕೊನೆಯ ದಿನ ನಮ್ಮ ಹಿತ್ತಿಲ ಪ್ಲಮ್ ಮರದಲ್ಲಿ ನೀನು ಕಡೆದು ತಂದ ಹಿಡಿ ಅದು. ಕೂದಲಿಲ್ಲದೆ ಗೂಡಿನಲ್ಲಿ ಕೂತಿತ್ತು, ನಾನು ತುಂಬಿಸಿದೆ.

ಬಸ್ಸಿನ ಬಳಿ ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಆ ಮಾತು ತಪ್ಪು. ನಿನ್ನ ಕೈಗೆ ಬೆಲೆ ಇಲ್ಲ ಎಂದು ನಾನು ಒಂದು ದಿನವೂ ಅಂದುಕೊಂಡಿರಲಿಲ್ಲ, ಅಂದದ್ದು ಬರೀ ಹೆದರಿಕೆಯಿಂದ. ಕ್ಷಮಿಸು. ಹೊಸ ಬ್ರಷ್ ಕೊಳ್ಳಬೇಕೆನಿಸಿದರೆ ಕೊಳ್ಳು, ನಾನು ಬೇಡ ಎನ್ನುವುದಿಲ್ಲ. ಆ ಹಿಡಿಯನ್ನು ಮಾತ್ರ ಎಸೆಯಬೇಡ.

ನಿನ್ನ,
ಇಲ್ಸೆ

ಮತ್ತೆ: ಲಕೋಟೆಗೆ ಅಂಟು ಹಚ್ಚಿದವಳು ಬಿಡಿಸಿ ಮತ್ತೆ ಕೂತಿದ್ದೇನೆ. ಕೂದಲು ಉದುರುತ್ತಿರುವುದು ನೀನು ತಿಕ್ಕಿದ್ದರಿಂದಲ್ಲ, ಅಲ್ಲಿನ ನೀರಿನಿಂದಲೂ ಅಲ್ಲ. ಡಿಸೆಂಬರ್ ಇಪ್ಪತ್ತಾರರ ಮಧ್ಯಾಹ್ನ ನೀನು ಎಲ್ಫ್ರೀಡೆಗೆ ಹೇಳಿ ಬರಲು ಹೋಗಿದ್ದಾಗ, ಏಳು ಸುತ್ತು ದಾರ ಬಿಗಿಯುವ ಕಡೆ ನಾನು ನಾಲ್ಕೇ ಸುತ್ತು ಹಾಕಿದೆ. ಬೇಕೆಂದೇ ಹಾಕಿದೆ. ಮೂವತ್ತು ವರ್ಷದಲ್ಲಿ ಗೊತ್ತಿದ್ದೂ ನಾನು ಕೆಡಿಸಿದ ಗಂಟು ಅದೊಂದೇ. ಈಸ್ಟರ್ ಹೊತ್ತಿಗೆ ಉದುರಲು ಶುರುವಾಗುತ್ತದೆ, ಆಗಲಾದರೂ ನನ್ನನ್ನು ಕೇಳುತ್ತೀಯ ಎಂದು ಕಾದೆ. ಹಾಳಾದ್ದು ನವೆಂಬರಿನವರೆಗೆ ತಡೆಯಿತು. ಅದನ್ನು ಅಂಚೆಯಲ್ಲಿ ಕಳಿಸಬೇಡ, ನೀನೇ ತಾ. ಹಳೆಯದನ್ನು ಕಿತ್ತು ಹೊಸ ಗಂಟು ಕೂರಿಸಲು ಒಂದು ಗಂಟೆ ಸಾಕು. ಆದರೆ ಅಂಟು ಒಣಗಲು ಒಂದು ಹಗಲು, ಒಂದು ರಾತ್ರಿ ಬೇಕೇ ಬೇಕು. ಅಷ್ಟು ಹೊತ್ತು ನೀನು ಇಲ್ಲೇ ಇರಬೇಕಾಗುತ್ತದೆ.