ಹದಿನೇಳನೇ ತಟ್ಟೆ

ಪ್ರಯೋಗಾಲಯದ ಊಟದ ಕೋಣೆ
ಮಾರ್ಚ್ 12, ಮಂಗಳವಾರ

ಪ್ರೀತಿಯ ಅಕ್ಕಾ,

ಸೊಂಟದ ನೋವು ಹೇಗಿದೆ? ಊರುಗೋಲು ಹಿಡಿದೇ ಓಡಾಡುತ್ತಿದ್ದೀಯಾ, ಇಲ್ಲ ಯಾರೂ ಇಲ್ಲದಾಗ ಅದನ್ನು ಮೂಲೆಗಿಟ್ಟು, ಕುರ್ಚಿ ಹತ್ತಿ ಕಪಾಟಿನ ಧೂಳು ಹೊಡೆಯುತ್ತಿದ್ದೀಯಾ? ಭಾವನನ್ನು ಕೇಳಿ ಪ್ರಯೋಜನವಿಲ್ಲ, ಅವರು ನಿನ್ನ ಕಡೆಯವರು. ಫೋನ್ ಮಾಡಿದರೆ ನೀನು ಸ್ಪೀಕರಿಗೆ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತೀ. ಅದಕ್ಕೇ ಈ ಕಾಗದ.

ವಿಷಯ ನಿನ್ನ ಮೂಳೆಯದೇ. ಆಪರೇಷನ್ನಿನಲ್ಲಿ ತೆಗೆದ ಚೂರನ್ನು ನಮ್ಮಲ್ಲಿಗೆ ಕೊಡಲು ಒಪ್ಪಿದೆಯಲ್ಲ, ಅದರಿಂದ ಬೆಳೆಸಿದ ಜೀವಕೋಶಗಳು ಹದಿನೇಳನೇ ನಂಬರಿನ ತಟ್ಟೆಯಲ್ಲಿವೆ. ಮೂಳೆ ಕಟ್ಟುವ ಕೋಶಗಳನ್ನೂ ಮೂಳೆ ತಿನ್ನುವ ಕೋಶಗಳನ್ನೂ ಒಟ್ಟಿಗೇ ಸಾಕುತ್ತೇವೆ. ಬೇರೆಬೇರೆ ಇಟ್ಟರೆ ಎರಡೂ ಸಾಧು. ಒಂದೇ ಅಡುಗೆಮನೆಗೆ ಬಂದ ಓರಗಿತ್ತಿಯರ ಹಾಗೆ, ಜೊತೆಗಿಟ್ಟಾಗಲೇ ನಿಜಬಣ್ಣ ತಿಳಿಯುವುದು. ಪ್ರಯೋಗದ ಹೊಸ ಔಷಧಿ ಹಾಕಿದ ಮೇಲೆ ನಿನ್ನ ತಟ್ಟೆಯಲ್ಲಿ ತಿನ್ನುವವು ತೆಪ್ಪಗಾದವು, ಕಟ್ಟುವವು ಎದ್ದುಬಿದ್ದು ಕಟ್ಟಿದವು. ಅದನ್ನು ನೋಡಿಯೇ ಡಾಕ್ಟರು ಸೋಮವಾರದಿಂದ ನಿನಗೆ ಅದೇ ಇಂಜೆಕ್ಷನ್ ಕೊಡುತ್ತೇನೆಂದಿರುವುದು.

ನನಗೆ ಇದು ಗಂಟಲಲ್ಲಿ ಇಳಿಯುತ್ತಿಲ್ಲ. ಅರವತ್ಮೂರು ವರ್ಷದ, ಜರಡಿಯಂತಾದ ಮೂಳೆ ಇಷ್ಟು ಹುರುಪಿನಿಂದ ಬೆಳೆಯುವುದುಂಟೆ? ಎರಡು ತಿಂಗಳ ಹಿಂದೆ ಸೇರಿದ ಸಂಶೋಧಕನೊಬ್ಬನಿದ್ದಾನೆ. ಬಾಯಿ ಬಿಡುವ ಪೈಕಿಯಲ್ಲ, ಗುಮ್ಮ ಎಂದೇ ನಾವೆಲ್ಲ ಕರೆಯುತ್ತೇವೆ. ನಾನು ಒಳಗೆ ಕಾಲಿಟ್ಟರೆ ಸೂಕ್ಷ್ಮದರ್ಶಕದ ಪರದೆ ಆರಿಸಿಬಿಡುತ್ತಾನೆ. ಹೋದ ವಾರ ನೋಡುತ್ತೇನೆ, ನಿನ್ನ ತಟ್ಟೆಯ ಮುಚ್ಚಳದ ಮೇಲೆ ನನ್ನ ಅಕ್ಷರವಿಲ್ಲ, ಅವನದು! ಕೇಳಿದ್ದಕ್ಕೆ, "ಬಿರುಕು ಬಿಟ್ಟಿತ್ತು, ಬದಲಾಯಿಸ್ದೆ. ಅದಕ್ಕೇನೀಗ?" ಎಂದ. ಕಿವಿ ಮಾತ್ರ ಕೆಂಪಾಗಿತ್ತು. ಅಂದಿನಿಂದ ಚಹಾಕ್ಕೆ ಹೋದರೂ ನನ್ನ ಕಣ್ಣು ಆ ಬಾಗಿಲಲ್ಲೇ. ಒಳ್ಳೆಯ ಫಲಿತಾಂಶ ತೋರಿಸಿ ಹೆಸರು ಮಾಡಲು, ಪಕ್ಕದ ಹದಿನೆಂಟನೇ ತಟ್ಟೆಯನ್ನು ನಿನ್ನದರ ಜಾಗಕ್ಕೆ ಇಟ್ಟಿದ್ದಾನೆಂದು ನನ್ನ ಗುಮಾನಿ. ಅದು ಯಾರೋ ಗಂಡಸಿನದು. ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕಿವಿಗೂ ಹಾಕಿದೆ. "ಸಾಕ್ಷಿ ಇಟ್ಕೊಂಡು ಮಾತಾಡಮ್ಮ," ಎಂದರು.

ಕೋಶ ಹೆಣ್ಣಿನದೋ ಗಂಡಿನದೋ ಹೇಳುವ ಪರೀಕ್ಷೆಯುಂಟು. ಎರಡೂ ತಟ್ಟೆಗಳಿಂದ ಚೂರು ತೆಗೆದು, ಜೊತೆಗೆ ಮೊದಲ ದಿನ ನಿನ್ನ ಮೂಳೆಯಿಂದ ತೆಗೆದು, ನಾನೇ ಹದಿನೇಳು ಎಂದು ಬರೆದು ಹಿಮಪೆಟ್ಟಿಗೆಯಲ್ಲಿಟ್ಟ ಸೀಸೆಯದನ್ನೂ ಸೇರಿಸಿ, ಪಕ್ಕದ ಕಟ್ಟಡದ ಗೆಳತಿಗೆ ಕೊಟ್ಟಿದ್ದೇನೆ. ಇವತ್ತು ಅವನ ಬಣ್ಣ ಬಯಲಾಗುತ್ತದೆ, ನೋಡುತ್ತಿರು.

ಭಾವನಿಗೆ ನನ್ನ ನಮಸ್ಕಾರ, ಮೊಮ್ಮಕ್ಕಳಿಗೆ ಮುದ್ದು. ನೀನು ಕುರ್ಚಿ ಹತ್ತಬೇಡ.

ನಿನ್ನ
ತಂಗಿ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಗೆಳತಿ ಬಂದಳು. ಹದಿನೇಳರಲ್ಲಿರುವುದು ಗಂಡಸಿನ ಕೋಶಗಳೇ, ಹದಿನೆಂಟರಲ್ಲಿ ಹೆಂಗಸಿನವು. ಆದರೆ ಸೀಸೆಯಲ್ಲಿರುವುದೂ ಗಂಡಸಿನದೇ, ಅಕ್ಕಾ. ಆ ಸೀಸೆ ತುಂಬಿದಾಗ ಗುಮ್ಮ ಇನ್ನೂ ಕೆಲಸಕ್ಕೆ ಸೇರಿರಲಿಲ್ಲ, ಮುಟ್ಟಿದವಳು ನಾನೊಬ್ಬಳೇ. ನಿನ್ನ, ಆ ಗಂಡಸಿನ, ಇಬ್ಬರ ಮೂಳೆಯ ಚೂರೂ ಬಂದದ್ದು ಒಂದೇ ಮಧ್ಯಾಹ್ನ. ನಿನಗಿನ್ನೂ ಎಚ್ಚರವಾಗಿರಲಿಲ್ಲ, ನನ್ನ ಜೀವವೆಲ್ಲ ಆಸ್ಪತ್ರೆಯಲ್ಲಿತ್ತು. ನಂಬರು ಅದಲುಬದಲು ಮಾಡಿದವಳು ನಾನೇ. ಮೇಡಂಗೂ ಅವನಿಗೂ ಹೇಳಲು ಈಗ ಎದ್ದೆ. ಡಾಕ್ಟರಿಗೂ ನಿನಗೂ ಫೋನ್ ಮಾಡುತ್ತೇನೆ, ಆದರೂ ಇದು ನನ್ನ ಕೈಬರಹದಲ್ಲೇ ನಿನ್ನ ಹತ್ತಿರ ಇರಲಿ. ಹದಿನೆಂಟಕ್ಕೂ ಅದೇ ಔಷಧಿ ಹಾಕಿದ್ದೆವು, ಅದರಲ್ಲಿದ್ದ ನಿನ್ನ ಕೋಶಗಳು ಕಟ್ಟುವವೂ ಸೇರಿ ಸತ್ತವು. ಯಾರೇನೇ ಹೇಳಲಿ, ಸೋಮವಾರ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡ.