ಕಂಬಕ್ಕೊಂದು ಕಿವಿ

ಪೀಣ್ಯ ಎರಡನೇ ಹಂತ
ಸೆಪ್ಟೆಂಬರ್ ೧೪, ಭಾನುವಾರ

ಪ್ರೀತಿಯ ಮನಮಾಯಾ,

ಫೋನ್ ಎತ್ತದವಳಿಗೆ ಕಾಗದವೇ ಗತಿ. ಇದನ್ನೂ ಓದದೆ ಒಲೆಗೆ ಹಾಕಿದೆಯೋ, ನನ್ನಾಣೆ ಇದೆ ನೋಡು. ಕನ್ನಡ ಮರೆತುಹೋಯಿತು ಎಂಬ ನೆಪ ನನ್ನ ಹತ್ತಿರ ನಡೆಯುವುದಿಲ್ಲ. ನಿಮ್ಮಪ್ಪ ವಾಚ್‌ಮನ್ ಆಗಿದ್ದ ಫ್ಯಾಕ್ಟರಿ ಹಿಂದಿನ ಸರ್ಕಾರಿ ಶಾಲೆಯಲ್ಲಿ ನನ್ನ ಪಕ್ಕ ಕೂತು ಅಕ್ಷರ ಕಲಿತು, ಕನ್ನಡದಲ್ಲಿ ನನಗಿಂತ ಜಾಸ್ತಿ ಮಾರ್ಕ್ಸ್ ತೆಗೆದವಳು ನೀನು. ಆ ಹೊಟ್ಟೆಕಿಚ್ಚು ನನಗೆ ಇನ್ನೂ ಹೋಗಿಲ್ಲ.

ನಮ್ಮ ಶೆಡ್ಡಿನ ಸಂಗಣ್ಣ ನಾಳೆ ನೇಪಾಳಕ್ಕೆ, ನಿಮ್ಮೂರಿಗೆ ಹೊರಡುತ್ತಾನೆ. ಪ್ರವಾಹದಲ್ಲಿ ಕೊಚ್ಚಿಹೋದ ಸೈರನ್ ಕಂಬದ ಬದಲು ಇನ್ನೊಂದನ್ನು ನಿಲ್ಲಿಸಿ ಬರಬೇಕು. ಅವನ ಕೈಯಲ್ಲಿ ಈ ಕಾಗದ, ನೀನು ಬಿಟ್ಟುಹೋದ ಸ್ವೆಟರ್, ಒಂದು ಡಬ್ಬ ಚಕ್ಕುಲಿ ಕಳಿಸುತ್ತಿದ್ದೇನೆ. ಪಾಪ, ಅವನಿಗೆ ನಿನ್ನ ಮುಂದೆ ನಿಲ್ಲುವುದಕ್ಕೇ ಭಯ. ಹೋದ ಸಲ ಆ ಕಂಬ ನಿಲ್ಲಿಸಿದವನು ಅವನೇ ಅಲ್ಲವೇ. ಈಗ ಹ್ಯಾಂಗ್ ಮಾರಿ ತೋರಿಸ್ಲಿ ಅಕ್ಕಾರ ಎಂದು ಬೆಳಿಗ್ಗೆಯಿಂದ ಗೋಳಾಡುತ್ತಿದ್ದಾನೆ. ಅವನ ಮೇಲೆ ಸಿಟ್ಟು ಮಾಡಬೇಡ, ಒಂದು ಲೋಟ ಚಹಾ ಕೊಡು.

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ನನಗೂ ತಿಳಿಯುತ್ತಿಲ್ಲ. ಎಲ್ಲವೂ ಸರಿಯಾಗಿ ಕೆಲಸ ಮಾಡಿತಲ್ಲೇ! ಗಡಿಯಾಚೆ, ಬೇರೆ ದೇಶದ ಬೆಟ್ಟದ ಮೇಲೆ ಹಿಮದ ಕೆರೆ ಒಡೆಯಿತು. ಅಲ್ಲಿಯವರು ಬಚ್ಚಿಡಲಿಲ್ಲ, ತಕ್ಷಣ ತಿಳಿಸಿದರು. ಸುದ್ದಿ ನಿಮ್ಮ ಕಣಿವೆಗೆ ನೀರಿಗಿಂತ ಮೊದಲೇ ತಲುಪಿತು. ನಮ್ಮ ಶೆಡ್ಡಿನಲ್ಲಿ ನೀನೂ ನಾನೂ ವೈರು ಬೆಸೆದ ಸೈರನ್ನುಗಳು ಕೂಗಿದವು. ನಿಮ್ಮೂರಿನವರು ಮಕ್ಕಳು ಮರಿ, ಮೇಕೆಗಳನ್ನೆಲ್ಲ ಎಳೆದುಕೊಂಡು ಗುಡ್ಡ ಹತ್ತಿ ಉಳಿದುಕೊಂಡರು. ನಾಲ್ಕು ದೇಶ ಸೇರಿ ನಡೆಸುವ ಯೋಜನೆಯ ಕಚೇರಿಯಿಂದ ನಮ್ಮ ಓನರ್ ಶಶಿಕುಮಾರ್ ಸಾರ್‌ಗೆ ಅಭಿನಂದನೆ ಬಂದಿದೆ. ಒಂದೇ ಸಾವು, ದೊಡ್ಡ ಯಶಸ್ಸು ಎಂದು ಬರೆದಿದ್ದಾರೆ. ಸಾರ್ ಅದನ್ನು ಎಲ್ಲರ ಮುಂದೆ ಓದಲು ಹೋಗಿ ಆ ಸಾಲಿನ ಹತ್ತಿರ ನಿಂತುಬಿಟ್ಟರು. ಒಂದು ಅಲ್ಲ ಸಾರ್, ನಮ್ಮ ಮನಮಾಯಾಳ ಅಮ್ಮ ಫೂಲ್‌ಮಾಯಾ ಅಂತ ಬರೀಬೇಕಿತ್ತು ಅವ್ರು ಎಂದು ನಾನು ಕಿರುಚಿಬಿಟ್ಟೆ.

ಸಾರ್‌ಗೆ ನೀನು ಕಳಿಸಿದ ಮೆಸೇಜು ನೋಡಿದೆ. ನನ್ನ ದನಿಯೇ ಅಮ್ಮನನ್ನು ಕೊಂದಿತು, ಎಲ್ಲ ಕಂಬಗಳಿಂದ ಅದನ್ನು ಅಳಿಸಿ ಎಂದಿದ್ದೀಯ.

ಆ ದನಿ ತುಂಬಿಸಿದ ದಿನ ನೆನಪಿದೆಯಾ? ತರಬೇತಿಗೆಂದು ನಾಲ್ಕೂ ದೇಶದವರು ನಮ್ಮ ಶೆಡ್ಡಿಗೆ ಬಂದಿದ್ದರು. ನೇಪಾಳಿ ಬರುವ ಹೆಣ್ಣುದನಿ ಬೇಕು ಎಂದಾಗ ಎಲ್ಲರೂ ನಿನ್ನನ್ನು ಮುಂದೆ ತಳ್ಳಿದೆವು. ಇದು ಬರೀ ಪರೀಕ್ಷೆ, ಹೆದರಬೇಡಿ ಎಂಬ ಮೊದಲ ಮಾತನ್ನು ಚೆಂದಾಗಿ ಹೇಳಿದೆ. ಪ್ರವಾಹ ಬಂದಾಗ ಕೇಳಿಸಬೇಕಾದ, ಮೇಲಕ್ಕೆ ಓಡಿ ಎಂಬ ಎರಡನೆಯದನ್ನು ಮಾತ್ರ, ಮುಂದಿನ ನಿಲ್ದಾಣ ಜಾಲಹಳ್ಳಿ ಎನ್ನುವ ಮೆಟ್ರೋ ಹುಡುಗಿಯ ಹಾಗೆ ಓದಿದೆ. ಬಾಂಗ್ಲಾದೇಶದ ಶಿರೀನಾ ಮೇಡಂ ಇದಾಗದು ಎಂದು ತಲೆಯಾಡಿಸಿದರು. ಚಂಡಮಾರುತವೇ ಬಂದರೂ ಕಾಗದ ಓದಿದಂಥ ದನಿಗೆ ಜನ ಎದ್ದು ಓಡುವುದಿಲ್ಲ, ನಿನ್ನ ತಾಯಿ ನದಿ ದಂಡೆಯಲ್ಲಿ ನಿಂತಿದ್ದಾಳೆ ಎಂದುಕೊಂಡು ಕೂಗು ಎಂದರು. ನೀನು ಕಣ್ಣು ಮುಚ್ಚಿ ಕೂಗಿದೆ ನೋಡು, ಪಕ್ಕದ ಲೇತ್ ಶಾಪಿನವರೂ ಕೆಲಸ ಬಿಟ್ಟು ಓಡಿಬಂದರು. ಕೂಗಿ ಮುಗಿಸಿ ಗೊಳೋ ಎಂದು ಅತ್ತೆ. ನಾವೆಲ್ಲ ನಿನ್ನನ್ನು ಆಡಿಕೊಂಡು ನಕ್ಕೆವು.

ಆಮೇಲಿನದು ನೀನು, ನಾನು, ಅಮ್ಮ, ನಮ್ಮ ಮೂವರಿಗೆ ಮಾತ್ರ ಗೊತ್ತು. ಸೈರನ್ ಕೂಗಿತೋ ಇಲ್ಲವೋ ತಿಳಿಯಲೆಂದು ಕಂಬದಲ್ಲಿ ಒಂದು ಸಣ್ಣ ಮೈಕು ಇಟ್ಟಿರುತ್ತೇವಲ್ಲ, ಅದು ಹಿಡಿದ ಸದ್ದು ಇಲ್ಲಿ ನನ್ನ ಟೇಬಲ್ಲಿಗೆ ಬರುತ್ತದೆ. ಕಂಬಕ್ಕೊಂದು ಕಿವಿ ಇದೆ ಅಮ್ಮಾ ಎಂದು ನೀನು ಫೋನಿನಲ್ಲಿ ಹೇಳಿದ್ದೇ ತಡ, ಪ್ರತಿ ತಿಂಗಳ ಪರೀಕ್ಷೆಯ ದಿನ ಅಮ್ಮ ದಂಡೆಗೆ ಇಳಿದು ಬರತೊಡಗಿದರು. ನಿನ್ನ ದನಿ ಮುಗಿಯುತ್ತಿದ್ದ ಹಾಗೆ ಕಂಬದ ಜೊತೆ ಅವರ ಮಾತು ಶುರು. ಫೋನಿಗಾದರೆ ಕರೆನ್ಸಿ ಖರ್ಚು, ಕಂಬ ಬಿಟ್ಟಿ ಎನ್ನುತ್ತಿದ್ದರಂತೆ. ಹೆಡ್‌ಫೋನಿನ ಒಂದು ಕಿವಿ ನಿನಗೆ, ಇನ್ನೊಂದು ನನಗೆ. ಎಲ್ಲ ಮಾತೂ ನೇಪಾಳಿಯಲ್ಲೇ ಆದರೂ, ಊಟ ಆಯ್ತಾ ಎಂಬುದನ್ನು ಮಾತ್ರ ಊರಿಗೆ ಮರಳುವ ಮೊದಲು ಪೀಣ್ಯದಲ್ಲಿ ಕಲಿತ ಕನ್ನಡದಲ್ಲಿ ಕೇಳುತ್ತಿದ್ದರು. ಆ ಮಾತು ನನಗೂ ಸೇರಿಸಿ ಎಂದು ನೀನೇ ಹೇಳಿದ್ದೆ. ಕೇಳಿ, ಉತ್ತರ ಬರುತ್ತದೆಂಬಂತೆ ಸ್ವಲ್ಪ ಸುಮ್ಮನಿರುತ್ತಿದ್ದರು. ಆ ಸಂದಿನಲ್ಲಿ ನೀನು ಬಾಯಿತುಂಬ ಅನ್ನ ಇಟ್ಟುಕೊಂಡು ಆಯ್ತು ಅಮ್ಮಾ ಎನ್ನುತ್ತಿದ್ದೆ. ನಮ್ಮಮ್ಮ ಹೋದ ಮೇಲೆ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ ಕಣೇ.

ಈಗ ನಿಮ್ಮೂರಿನವರು ಒಂದೊಂದು ಹೇಳುತ್ತಿದ್ದಾರಂತೆ. ಅಮ್ಮ ಎಲ್ಲರ ಜೊತೆ ಗುಡ್ಡದ ದಾರಿ ಹಿಡಿದಿದ್ದರು, ನಿನ್ನ ಕೂಗು ಕೇಳಿ ತಲೆಕೆಟ್ಟು, ಮಗಳು ಕರೆಯುತ್ತಿದ್ದಾಳೆ ಎಂದು ತಿರುಗಿ ಇಳಿದರು ಎಂದು. ಆ ಎರಡನೆಯ ಮಾತನ್ನು ಪರೀಕ್ಷೆಯಲ್ಲಿ ಎಂದೂ ಹಾಕಿರಲಿಲ್ಲ, ಅವರು ಅದನ್ನು ಕೇಳಿದ್ದು ಅದೇ ಮೊದಲು, ನಿಜ. ಆದರೆ ತಲೆಕೆಟ್ಟಿತ್ತು ಎಂಬುದನ್ನು ನಾನು ಒಪ್ಪುವುದಿಲ್ಲ. ಮೈಕಿನಲ್ಲಿ ಏನಾದರೂ ಸಿಕ್ಕಿತಾ ಎಂದು ಕೊನೆಯ ಫೋನಿನಲ್ಲಿ ಕೇಳಿದೆಯಲ್ಲ, ನೀರಿನ ಸದ್ದು ಬಿಟ್ಟು ಏನೂ ಇಲ್ಲ ಎಂದೆ. ಅಷ್ಟೇ ಇರುವುದು. ಮತ್ತೆ ಮತ್ತೆ ಕೇಳಬೇಡ.

ಸಂಗಣ್ಣನ ಹತ್ತಿರ ಸೈರನ್ನಿಗೆ ಹಾಕುವ ಎರಡು ಮೆಮೊರಿ ಕಾರ್ಡ್ ಕೊಟ್ಟಿದ್ದೇನೆ. ಕೆಂಪು ದಾರ ಕಟ್ಟಿದ್ದರಲ್ಲಿ ನಿನ್ನ ದನಿ ಇದೆ. ಇನ್ನೊಂದರಲ್ಲಿ ಸ್ಟುಡಿಯೋದ ಯಾರೋ ಗಂಡಸಿನ ದನಿ. ಆ ಗಂಡಸಿನದನ್ನು ಕೆಳಗಿನ ಹಳ್ಳಿಯ ಅಣಕು ಕವಾಯತಿನಲ್ಲಿ ಹಾಕಿ ನೋಡಿದ್ದಾರೆ. ಜನ ಜಗಲಿಗೆ ಬಂದು ಕೇಳಿ ಒಳಗೆ ಹೋದರಂತೆ. ಹೊಸ ಕಂಬಕ್ಕೆ ಯಾವುದು ಎಂಬುದು ನಿನ್ನ ಮಾತು. ಸಾರ್ ಕೂಡ ಒಪ್ಪಿದ್ದಾರೆ. ನಿನ್ನದು ಬೇಡವೆಂದರೆ ನದಿಗೆ ಎಸೆದುಬಿಡು, ನಾನು ತುಟಿ ಬಿಚ್ಚುವುದಿಲ್ಲ. ಬಿಚ್ಚುವುದಿಲ್ಲ ಎಂದರೆ ನೀನು ನಂಬುವುದಿಲ್ಲ, ಅದೂ ಗೊತ್ತು.

ನಿನ್ನ ಸ್ಟೂಲಿನ ಮೇಲೆ ಯಾರನ್ನೂ ಕೂರಲು ಬಿಟ್ಟಿಲ್ಲ. ಅದಕ್ಕಾಗಿ ದಿನಾ ಒಬ್ಬರ ಜೊತೆ ಜಗಳ. ಬಾರೇ. ಬೇಗ ಅಲ್ಲದಿದ್ದರೂ ಬಾ.

ನಿನ್ನ ಜಗಳಗಂಟಿ,
ಜ್ಯೋತಿಲಕ್ಷ್ಮಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಲಕೋಟೆ ಅಂಟಿಸಿ, ಮತ್ತೆ ಹರಿದು ಬರೆಯುತ್ತಿದ್ದೇನೆ. ನೀರಿನ ಸದ್ದು ಮಾತ್ರ ಎಂದದ್ದು ಸುಳ್ಳು. ಚಕ್ಕುಲಿ ಡಬ್ಬದ ತಳದಲ್ಲಿ ಪೆನ್‌ಡ್ರೈವ್ ಇದೆ. ಒಬ್ಬಳೇ ಇದ್ದಾಗ ಕೇಳಬೇಡ, ಸಂಗಣ್ಣನನ್ನು ಪಕ್ಕದಲ್ಲಿ ಕೂರಿಸಿಕೋ. ಅಮ್ಮ ನೀನು ಕರೆದೆ ಎಂದು ಬಂದವರಲ್ಲ ಕಣೇ, ನಿನಗೆ ಉತ್ತರ ಕೊಡಲು ಬಂದವರು. ನಿನ್ನ ಕೂಗು ಮುಗಿದ ಮೇಲೆ ಅವರ ಏದುಸಿರು ಕೇಳುತ್ತದೆ. ನನ್ನ ಹರಕುಮುರುಕು ನೇಪಾಳಿಗೂ ಅರ್ಥವಾಯಿತು: ಕೇಳಿಸಿತು ಮಗಳೇ, ಅಷ್ಟು ಹೆದರಬೇಡ, ಅಳಬೇಡ, ನಾನು ಮೇಲಕ್ಕೆ ಹೊರಟೆ. ಅಷ್ಟು ಹೇಳಿ ಹೊರಟಿದ್ದರೆ ಸಾಕಿತ್ತು. ನೀರು ಹತ್ತಿರ ಬಂದ ಸದ್ದಿನ ನಡುವೆ, ಕನ್ನಡದಲ್ಲಿ, ಊಟ ಆಯ್ತಾ ಎಂದು ಕೇಳಿದ್ದಾರೆ. ಕೇಳಿ, ಎಂದಿನ ಹಾಗೆ ಸ್ವಲ್ಪ ಸುಮ್ಮನಿದ್ದಾರೆ.