ಬೆಳ್ಳಾರೆಯಲ್ಲಿ ಸಿಕ್ಕ ಕೆಲಸ

ಮಿಸ್ರಿಯಾ,

ಬೆಳ್ಳಾರೆಗೆ ಹೊರಟೆ. ಕೆಲಸ ಸಿಕ್ಕಿತು! ಹೊಲಿಗೆ ಕ್ಲಾಸಿನಲ್ಲಿ ನೀನು ಫೋನ್ ಎತ್ತುವವಳಲ್ಲ, ಅವರು ಇವತ್ತೇ ಬನ್ನಿ ಅಂದರು. ಅದಕ್ಕೇ ಈ ಚೀಟಿ.

ಮೊನ್ನೆ ನೋಡಿ ಬಂದೆನಲ್ಲ, ಬಸ್ ಮಾಲಕರು ಜತ್ತಪ್ಪ ಗೌಡರು, ಅವರಲ್ಲೇ. ಟಿಕೆಟ್ ಮಷೀನಿಗೆ ಹೊಸ ಸಾಫ್ಟ್‌ವೇರ್ ಮಾಡಿಸಬೇಕಂತೆ. ನಮ್ಮ ಕಂಪೆನಿಯವರು ನನ್ನನ್ನು ಕೆಲಸದಿಂದ ತೆಗೆದ ಮೇಲೆ ಹೋದಲ್ಲೆಲ್ಲ ವಯಸ್ಸು ಕೇಳಿ ಸುಮ್ಮನಾದವರೇ. ಹಾಗಾಗಿ ಈ ಸಲ ನಾನೇ ಮೊದಲು ಹೇಳಿಬಿಟ್ಟೆ, "ನನಗೆ ಐವತ್ತೆರಡಾಯಿತು."

ಅವರು ನಕ್ಕರು. "ಒಳ್ಳೇದೇ ಆಯ್ತು ಮಾರಾಯ್ರೆ. ಮೊದಲು ಹುಡುಗರು ಮಾಡಿಕೊಟ್ಟದ್ದರಲ್ಲಿ ಅಕ್ಷರ ಇರುವೆ ಹಾಗೆ ಉಂಟು. ನಮ್ಮ ಕಂಡಕ್ಟರುಗಳಿಗೆಲ್ಲ ಕನ್ನಡಕ. ನಿಮಗೆ ಕಂಡ್ರೆ ಅವರಿಗೂ ಕಾಣ್ತದೆ."

ಶಾರ್ಜಾದ ಅಂಗಡಿ ಕೆಲಸದ ವೀಸಾ ಇನ್ನು ಬೇಡ ಅಂತ ನಿನ್ನ ಅಣ್ಣನಿಗೆ ನೀನೇ ಹೇಳು. ನಾನು ಹೇಳಿದರೆ ಮತ್ತೆ ಬುದ್ಧಿವಾದ ಶುರುಮಾಡುತ್ತಾನೆ.

ಗ್ಯಾಸ್ ಬಂದಿದೆ, ಜೋಡಿಸಿಲ್ಲ. ಅಂಗಿಗೆ ನಾನೇ ಇಸ್ತ್ರಿ ಹಾಕಿದೆ. ಕಾಲರ್ ಸ್ವಲ್ಪ ಸುಟ್ಟಿತು, ಬೈಯಬೇಡ. ಪುತ್ತೂರಿಗೆ ವಾಪಸ್ ಬರುವುದು ಸಂಜೆಯ ಬಸ್ಸಿನಲ್ಲಿ.

ಕೆಲಸ ಹೋದಂದಿನಿಂದ ನಾನು ಒಬ್ಬನೇ ಉಣ್ಣಬಾರದೆಂದು ನೀನು ಕ್ಲಾಸ್ ಅರ್ಧಕ್ಕೆ ಬಿಟ್ಟು ಮಧ್ಯಾಹ್ನ ಓಡಿಬರುತ್ತಿದ್ದೆ. ಹಸಿವಿಲ್ಲ ಅಂದರೂ ಬಡಿಸುತ್ತಿದ್ದೆ. ಯಾಕೆ ಅಂತ ನನಗೆ ಗೊತ್ತಿತ್ತು, ಹೇಳಲಿಲ್ಲ ಅಷ್ಟೇ. ಬಂಗುಡೆ ಮೀನಿಗೆ ಖಾರ ಹಚ್ಚಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಇವತ್ತು ಇಬ್ಬರ ಪಾಲೂ ನಿನಗೇ. ನಿಧಾನ ಕೂತು ಉಣ್ಣು.

ಮುನೀರ್